‘ಲಾಕ್‌ವುಡ್ ಅಂಡ್ ಕೋ’ ಐದೂ ಪುಸ್ತಕ ಮುಗಿಸಿದವರು ಬನ್ನಿ, ಕೊನೆಯ ಬಗ್ಗೆ ಮಾತಾಡೋಣ

ಶಿರಾಗೇಟ್ ಓದುಗಿ (ತುಮಕೂರು)

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಐದೂ ಪುಸ್ತಕಗಳ ಕಥೆ ಪೂರ್ತಿ ಹೊರಗೆ ಬರುತ್ತದೆ. ಇನ್ನೂ ಓದುತ್ತಿರುವವರು ಮುಗಿಸಿಕೊಂಡು ಬನ್ನಿ.

ಜೊನಾಥನ್ ಸ್ಟ್ರೌಡ್ ಬರೆದ ಈ ಸರಣಿ 2013ರಲ್ಲಿ ‘ದಿ ಸ್ಕ್ರೀಮಿಂಗ್ ಸ್ಟೇರ್‌ಕೇಸ್’ ಪುಸ್ತಕದಿಂದ ಶುರುವಾಗಿ 2017ರಲ್ಲಿ ‘ದಿ ಎಂಪ್ಟಿ ಗ್ರೇವ್’ಗೆ ಮುಗಿಯಿತು. ನಮ್ಮಲ್ಲಿ ತುಂಬ ಜನ 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ನೋಡಿ ಪುಸ್ತಕಕ್ಕೆ ಬಂದವರು. ಅದು ಎಂಟೇ ಕಂತಿಗೆ ನಿಂತುಹೋಯಿತು. ಅದರಲ್ಲಿ ಮೊದಲ ಎರಡು ಪುಸ್ತಕಗಳ ಕಥೆ ಮಾತ್ರ ಇದೆ. ಹಾಗಾಗಿ ಅದನ್ನು ನೋಡಿ ಬಿಟ್ಟವರಿಗೆ ಈ ಕಥೆ ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದೇ ಗೊತ್ತಿಲ್ಲ. ಅದು ನನಗೆ ತುಂಬ ಬೇಜಾರಿನ ವಿಷಯ, ಯಾಕೆಂದರೆ ಈ ಸರಣಿಯ ಅಸಲಿ ಬೆಲೆ ಇರುವುದು ಕೊನೆಯಲ್ಲೇ.

ಹೊಸಬರಿಗೆ ಎರಡು ಮಾತು. ಕಥೆ ನಡೆಯುವುದು ಇಂಗ್ಲೆಂಡಿನಲ್ಲಿ, ಹೆಚ್ಚಾಗಿ ಲಂಡನ್ನಿನಲ್ಲಿ. ಐವತ್ತು ವರ್ಷಕ್ಕೂ ಮುಂಚಿನಿಂದ ಅಲ್ಲಿ ದೆವ್ವಗಳ ಕಾಟ. ಜನ ಅದನ್ನು ‘ದಿ ಪ್ರಾಬ್ಲಂ’ ಅಂತ ಕರೆಯುತ್ತಾರೆ. ದೆವ್ವ ಮುಟ್ಟಿದರೆ ಸಾವು. ಆದರೆ ದೊಡ್ಡವರಿಗೆ ಅವು ಕಾಣುವುದಿಲ್ಲ, ಕೇಳುವುದಿಲ್ಲ. ಮಕ್ಕಳಿಗೆ ಮಾತ್ರ ಕಾಣುತ್ತವೆ. ಅದಕ್ಕೇ ಕತ್ತಲಾದ ಮೇಲೆ ದೊಡ್ಡವರೆಲ್ಲ ಬಾಗಿಲು ಹಾಕಿಕೊಂಡು ಮಲಗುತ್ತಾರೆ, ಮಕ್ಕಳು ಕತ್ತಿ, ಉಪ್ಪು, ಕಬ್ಬಿಣದ ಸರಪಳಿ ಹಿಡಿದು ರಾತ್ರಿ ಕೆಲಸಕ್ಕೆ ಹೋಗುತ್ತಾರೆ. ಫಿಟ್ಸ್, ರಾಟ್‌ವೆಲ್ ಅಂತ ದೊಡ್ಡ ಏಜೆನ್ಸಿಗಳಿವೆ, ಅಲ್ಲಿ ದೊಡ್ಡವರು ಮೇಲ್ವಿಚಾರಕರು. ಪೋರ್ಟ್‌ಲ್ಯಾಂಡ್ ರೋ 35ನೇ ನಂಬರ್ ಮನೆಯಲ್ಲಿ ಲಾಕ್‌ವುಡ್, ಜಾರ್ಜ್, ಲೂಸಿ ಮೂವರೇ ಸೇರಿ ಒಂದು ಚಿಕ್ಕ ಏಜೆನ್ಸಿ ನಡೆಸುತ್ತಾರೆ. ಅಲ್ಲಿ ಹಿರಿಯರು ಯಾರೂ ಇಲ್ಲ.

ನನಗೆ ಕೊನೆ ಯಾಕೆ ಅಷ್ಟು ಹಿಡಿಸಿತು ಅಂದರೆ, ಅದರಲ್ಲಿ ಹೊಸದಾಗಿ ತಂದು ಸೇರಿಸಿದ್ದು ಏನೂ ಇಲ್ಲ. ಕೊನೆಯ ಗಳಿಗೆಯಲ್ಲಿ ಯಾವುದೋ ಮಂತ್ರದ ಕತ್ತಿ ಸಿಗುವುದಿಲ್ಲ, ಹೀರೋಗೆ ದಿಢೀರ್ ಅಂತ ಹೊಸ ಶಕ್ತಿ ಬರುವುದಿಲ್ಲ. ಎಲ್ಲವೂ ಮೊದಲೇ ನಮ್ಮ ಕಣ್ಣ ಮುಂದೆ ಇದ್ದದ್ದೇ. ಮೊದಲ ಪುಸ್ತಕದಿಂದ ಆ ಮನೆಯಲ್ಲಿ ಒಂದು ಕೋಣೆಯ ಬಾಗಿಲು ಮುಚ್ಚೇ ಇರುತ್ತದೆ. ಎರಡನೆಯದರ ಕೊನೆಯಲ್ಲಿ ಲಾಕ್‌ವುಡ್ ಅದನ್ನು ತೆರೆದು ತೋರಿಸುತ್ತಾನೆ, ಅದು ಅವನ ಅಕ್ಕ ಜೆಸಿಕಾ ಸತ್ತ ಕೋಣೆ. ಐದನೆಯದರಲ್ಲಿ ಶತ್ರುಗಳು ಮನೆಗೆ ನುಗ್ಗಿದಾಗ ಇವರು ತಪ್ಪಿಸಿಕೊಂಡು ಸತ್ತವರ ಆಚೆ ಲೋಕಕ್ಕೆ ಹೋಗುವುದು ಅದೇ ಕೋಣೆಯಿಂದ! ಅವನು ವರ್ಷಗಟ್ಟಲೆ ಬೀಗ ಹಾಕಿಟ್ಟಿದ್ದ ದುಃಖವೇ ಎಲ್ಲರ ಜೀವ ಉಳಿಸುವ ದಾರಿಯಾಯಿತು. ಆ ಅಧ್ಯಾಯ ಓದುವಾಗ ನಾನು ಪುಸ್ತಕ ಮಡಿಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಇನ್ನೊಂದು, ಜಾಡಿಯೊಳಗಿಂದ ಮಾತಾಡುವ ಆ ಬುರುಡೆಯ ವಿಷಯ. ಅದನ್ನು ಬೇರೆಯಾಗಿಯೇ ಬರೆಯಬೇಕು. ಮೊದಲು ನಿಮ್ಮ ಅಭಿಪ್ರಾಯ ಹೇಳಿ.

ಮಾರಿಕುಪ್ಪಂ ರೈಲು (ಕೆಜಿಎಫ್)

ಅಕ್ಕ, ಈ ಚರ್ಚೆ ಶುರು ಮಾಡಿದ್ದಕ್ಕೆ ಥ್ಯಾಂಕ್ಸ್. ನಾನು ಐದೂ ಪುಸ್ತಕಗಳನ್ನು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ರೈಲಿನಲ್ಲೇ ಓದಿದ್ದು.

ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ. ಈ ಕೊನೆ ನಮ್ಮೂರಿನವರಿಗೆ ಹೇಗೆ ತಟ್ಟುತ್ತದೆ ಅನ್ನುವುದು ಹೊರಗಿನವರಿಗೆ ಅಷ್ಟು ಗೊತ್ತಾಗಲಿಕ್ಕಿಲ್ಲ. ಐದನೆಯ ಪುಸ್ತಕದಲ್ಲಿ ಪೂರ್ತಿ ಬಯಲಾಗುವ ಗುಟ್ಟು ಏನು? ದೆವ್ವಗಳ ಕಾಟ ತಾನಾಗಿ ಬಂದದ್ದಲ್ಲ. ಮರಿಸ್ಸಾ ಫಿಟ್ಸ್ ಥರದವರು ಆಚೆ ಲೋಕಕ್ಕೆ ಹೋಗಿ ಅಲ್ಲಿಯ ಸತ್ವವನ್ನು ತೆಗೆದು ತಂದು, ಅದರಿಂದ ತಮ್ಮ ಯೌವನ ಉಳಿಸಿಕೊಳ್ಳುತ್ತಿದ್ದರು. ಹಾಗೆ ನುಗ್ಗಿದ್ದಕ್ಕೆ ಸತ್ತವರು ಕೆರಳಿ ಈಚೆ ಬರತೊಡಗಿದರು. ಆಮೇಲೆ ಆ ಕಾಟದಿಂದ ಕಾಪಾಡುತ್ತೇವೆ ಅಂತ ಅದೇ ಹೆಂಗಸು ದೇಶದ ದೊಡ್ಡ ಏಜೆನ್ಸಿ ಕಟ್ಟಿದಳು. ಹಾಳು ಮಾಡಿದವರೂ ಅವರೇ, ಕಾಪಾಡುವವರೂ ಅವರೇ, ದುಡ್ಡು ಮಾಡಿದವರೂ ಅವರೇ. ಸತ್ತವರು ಮಾತ್ರ ಬೇರೆಯವರ ಮಕ್ಕಳು.

ನಮ್ಮೂರಿಗೆ 1880ರಲ್ಲಿ ಚಿನ್ನ ತೆಗೆಯಲು ಬ್ರಿಟಿಷರ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂತು, ಅದೂ ಮುಖ್ಯವಾಗಿ ಗಣಿ ಯಂತ್ರಗಳು ಓಡಲಿ ಅಂತ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಯಿತು. ಚಿನ್ನ ಎಲ್ಲೋ ಹೋಯಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಮಗೆ ಉಳಿದದ್ದು ಸೈನೈಡ್ ದಿಬ್ಬಗಳು. ಅದಿರು ಪುಡಿ ಮಾಡಿ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಮಿಕ್ಕಿದ ಮಣ್ಣು ಅದು. ಗಾಳಿ ಜೋರಾದ ದಿನ ಅದರ ದೂಳು ಮನೆ ಒಳಗೇ ಬರುತ್ತದೆ. ಇಳಿದು ತೆಗೆದವರು ಒಬ್ಬರು, ತಿಂದವರು ಇನ್ನೊಬ್ಬರು, ಈಗ ಕೆಮ್ಮುವವರು ಮತ್ತೊಬ್ಬರು.

ಹಾಗಾಗಿ ಮರಿಸ್ಸಾ ಯಾರು ಅಂತ ನನಗೆ ಯಾರೂ ವಿವರಿಸುವ ಅಗತ್ಯವೇ ಬರಲಿಲ್ಲ. ಆ ಕೆಟ್ಟತನ ಕಪ್ಪು ಕೋಟೆಯಲ್ಲಿ ಕೂತಿಲ್ಲ, ಒಳ್ಳೆ ಹೆಸರಿನ ಕಚೇರಿಯಲ್ಲಿ ಕೂತಿದೆ. ನಗರದೊಳಗೆ ನಡೆಯುವ ಮಾಯಾಕಥೆ ಅಂದರೆ ಹೀಗೇ ಇರಬೇಕು ಅನ್ನಿಸಿತು. ಕೊನೆಯ ಹೋರಾಟ ನಡೆಯುವುದೂ ಆ ಹೆಡ್ ಆಫೀಸಿನಲ್ಲೇ ಅಲ್ವಾ?

ಗೌರಿಬಿದನೂರಿನವನು

ನಿಮ್ಮ ಮಾತು ಓದಿ ಖುಷಿಯಾಯಿತು, ಆದರೆ ನಾನು ಪೂರ್ತಿ ಒಪ್ಪುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಮರಿಸ್ಸಾ ತನ್ನ ಮೊಮ್ಮಗಳು ಪೆನೆಲೋಪಿಯ ಹೆಸರಿನಲ್ಲಿ ಬದುಕಿದ್ದಾಳೆ ಅನ್ನುವುದು ನಾಲ್ಕನೆಯ ಪುಸ್ತಕದ ಕೊನೆಯಲ್ಲಿ ಬರುತ್ತದೆ. ಅದು ಅದ್ಭುತ. ಬುರುಡೆ ಆ ಮಾತು ಹೇಳಿದಾಗ ನನಗೆ ಮೈ ಜುಮ್ ಅಂದಿತು. ಆದರೆ ಅಷ್ಟು ದೊಡ್ಡ ವಿಷಯಕ್ಕೆ ಐದನೆಯ ಪುಸ್ತಕದಲ್ಲಿ ಜಾಗ ಸಾಲಲಿಲ್ಲ. ಆರ್ಫಿಯಸ್ ಸೊಸೈಟಿ ಅನ್ನುವ ಗುಪ್ತ ಕೂಟದ ಮುದುಕರು, ಅವರ ಪ್ರಯೋಗಗಳು, ಅವರ ಜೊತೆ ಮರಿಸ್ಸಾಗೆ ಇದ್ದ ಸಂಬಂಧ, ಇದೆಲ್ಲ ಬೇಗ ಬೇಗ ಹೇಳಿ ಮುಗಿಸಿದ ಹಾಗಿದೆ. ಎಝೀಕಿಯೆಲ್ ಅಂತ ಒಂದು ಆತ್ಮ ಬರುತ್ತದಲ್ಲ, ಮರಿಸ್ಸಾಗೆ ಎಲ್ಲ ದಾರಿ ತೋರಿಸಿದ್ದು ಅದೇ. ಅದು ಯಾರು, ಅದಕ್ಕೇನು ಬೇಕಿತ್ತು? ನನಗೆ ತೃಪ್ತಿಯಾಗುವಷ್ಟು ಹೇಳಲಿಲ್ಲ.

ಅದಕ್ಕಿಂತ ದೊಡ್ಡ ತಕರಾರು, ಕಾಟ ನಿಲ್ಲುವುದೇ ಇಲ್ಲ. ಮರಿಸ್ಸಾ ಹೋದಳು, ಫಿಟ್ಸ್ ಹೌಸ್ ಕಥೆ ಮುಗಿಯಿತು, ಆದರೂ ಮಾರನೆಯ ರಾತ್ರಿ ಮಕ್ಕಳು ಮತ್ತೆ ಉಪ್ಪು ತುಂಬಿಕೊಂಡು ಹೊರಡಬೇಕು. ಐದು ಪುಸ್ತಕ ಓದಿದವನಿಗೆ ಒಂದು ಬೆಳಕು ಹರಿಯುವ ಸುಖ ಬೇಡವಾ?

ಶಿರಾಗೇಟ್ ಓದುಗಿ (ತುಮಕೂರು)

ಬೇಜಾರು ಯಾಕೆ? ಎಝೀಕಿಯೆಲ್ ವಿಷಯ ನಾನು ಒಪ್ಪುತ್ತೇನೆ, ಅಲ್ಲಿ ಇನ್ನೊಂದು ಅಧ್ಯಾಯ ಇದ್ದಿದ್ದರೆ ಚೆನ್ನಾಗಿತ್ತು.

ಆದರೆ ಕಾಟ ನಿಲ್ಲಲಿಲ್ಲ ಅನ್ನುವುದು ನನಗೆ ಕೊರತೆ ಅನ್ನಿಸಲೇ ಇಲ್ಲ. ಅರ್ಧ ಶತಮಾನದಿಂದ ಕೆಟ್ಟದ್ದು ಒಂದು ರಾತ್ರಿಯಲ್ಲಿ ಸರಿಹೋಗಿದ್ದರೆ ಮೊದಲ ನಾಲ್ಕು ಪುಸ್ತಕದ ಭಯ ಎಲ್ಲ ಸುಳ್ಳಾಗುತ್ತಿತ್ತು. ಸತ್ತವರನ್ನು ಕೆರಳಿಸುವ ಕೆಲಸ ನಿಂತಿತು. ಕಾರಣ ಗೊತ್ತಾಯಿತು. ಜವಾಬ್ದಾರಿ ಯಾರದು ಅನ್ನುವುದು ಬಯಲಿಗೆ ಬಂತು. ಇನ್ನು ವಾಸಿಯಾಗಲು ಹೊತ್ತು ಹಿಡಿಯುತ್ತದೆ. ಕೆಜಿಎಫ್ ತಮ್ಮ ಹೇಳಿದ್ದನ್ನೇ ನೋಡಿ, ಗಣಿ ಮುಚ್ಚಿದ ಮಾರನೆಯ ದಿನ ದಿಬ್ಬ ಕರಗಿತಾ?

ಈಗ ಬುರುಡೆ. ಇದು ನನಗೆ ಇಡೀ ಸರಣಿಯ ಜೀವ.

ಜಾರ್ಜ್ ಫಿಟ್ಸ್ ಏಜೆನ್ಸಿಯಿಂದ ಹೊರಬೀಳುವಾಗ ಒಂದು ಗಾಜಿನ ಜಾಡಿ ಎತ್ತಿಕೊಂಡು ಬಂದಿರುತ್ತಾನೆ. ಅದರೊಳಗೆ ಒಂದು ತಲೆಬುರುಡೆ, ಅದಕ್ಕೆ ಅಂಟಿಕೊಂಡ ಒಂದು ದೆವ್ವ. ಮೊದಲ ಪುಸ್ತಕದಲ್ಲಿ ಅದು ಒಂದು ತಮಾಷೆಯ ವಸ್ತುವಿನ ಹಾಗೆ ಮೂಲೆಯಲ್ಲಿರುತ್ತದೆ. ಆಮೇಲೆ ಲೂಸಿಗೆ ಅದರ ಮಾತು ಕೇಳಿಸುತ್ತದೆ. ಬೇರೆ ಯಾರಿಗೂ ಕೇಳಿಸುವುದಿಲ್ಲ. ಹೀಗೆ ದೆವ್ವದ ಜೊತೆ ಕೂತು ಮಾತಾಡಬಲ್ಲವರು ಅವಳಿಗಿಂತ ಮುಂಚೆ ಒಬ್ಬಳೇ ಇದ್ದಳು, ಮರಿಸ್ಸಾ ಫಿಟ್ಸ್. ಇದನ್ನು ಸ್ಟ್ರೌಡ್ ಶುರುವಿನಲ್ಲೇ ಹೊಗಳಿಕೆಯ ಹಾಗೆ ಹೇಳಿಬಿಡುತ್ತಾರೆ. ಲೂಸಿಗೂ ಅದು ಹೆಮ್ಮೆ. ಕೊನೆಗೆ ಬಂದಾಗ ಅದೇ ಮಾತು ಹೆದರಿಸುತ್ತದೆ.

ಇಬ್ಬರಿಗೂ ಇದ್ದದ್ದು ಒಂದೇ ವಿದ್ಯೆ. ಇಬ್ಬರಿಗೂ ಮಾತಾಡುವ ಒಂದೊಂದು ದೆವ್ವ. ಮರಿಸ್ಸಾ ಎಝೀಕಿಯೆಲ್ ಮಾತು ಕೇಳಿದ್ದು ತನಗೆ ಏನು ಸಿಗುತ್ತದೆ ಅಂತ. ಲೂಸಿ ಬುರುಡೆಯ ಜೊತೆ ಜಗಳವಾಡುತ್ತಾಳೆ, ಬೈಯುತ್ತಾಳೆ, ಬೈಸಿಕೊಳ್ಳುತ್ತಾಳೆ, ಮುಚ್ಚಳ ತಿರುಗಿಸಿ ಬಾಯಿ ಮುಚ್ಚಿಸುತ್ತಾಳೆ. ಆದರೆ ಅದೂ ಒಂದು ಕಾಲದಲ್ಲಿ ಬದುಕಿದ್ದ ಹುಡುಗ ಅನ್ನುವುದನ್ನು ಮರೆಯುವುದಿಲ್ಲ. ಅವನ ಹೆಸರು ಕೂಡ ನಮಗೆ ಗೊತ್ತಾಗುವುದಿಲ್ಲ. ಐದನೆಯ ಪುಸ್ತಕದ ಉದ್ದಕ್ಕೂ ಅದು ಒಂದೇ ಕೇಳುತ್ತದೆ, ನನ್ನನ್ನು ಬಿಡು. ಬಿಟ್ಟರೆ ಲಾಕ್‌ವುಡ್‌ನನ್ನು ಕೊಂದೇ ಬಿಡಬಹುದು, ಅಷ್ಟು ಸಲ ಹಾಗಂತ ಹೇಳಿದೆ. ಲೂಸಿಗೂ ಗ್ಯಾರಂಟಿ ಇಲ್ಲ, ನಮಗೂ ಇಲ್ಲ. ಕೊನೆಗೆ ಫಿಟ್ಸ್ ಹೌಸಿನಲ್ಲಿ ಬೇರೆ ದಾರಿ ಇಲ್ಲದೆ ಬಿಡುತ್ತಾಳೆ. ಬಿಡುಗಡೆ ಆದ ಮೇಲೆ ಅದಕ್ಕೆ ಇವರ ಹಂಗು ಏನೂ ಇಲ್ಲ. ಎಲ್ಲಿಗೆ ಬೇಕಾದರೂ ಹೋಗಬಹುದು. ಅದು ಇವರ ಕಡೆ ನಿಲ್ಲುತ್ತದೆ.

ನಾನು ಓದಿದ ಈ ಥರದ ಸರಣಿಗಳಲ್ಲಿ ಇಷ್ಟು ನ್ಯಾಯವಾದ ಗೆಲುವು ಇನ್ನೊಂದಿಲ್ಲ. ಮರಿಸ್ಸಾ ಸೋಲುವುದು ಕತ್ತಿಗಿಂತ ಮೊದಲು ಇಲ್ಲಿ.

ಅಂತರಗಂಗೆ (ಕೋಲಾರ)

ಮೇಡಂ, ಬುರುಡೆಯ ಬಗ್ಗೆ ನೀವು ಬರೆದದ್ದು ಓದಿ ಕಣ್ಣು ತುಂಬಿತು.

ಯಾರೂ ಕಿಪ್ಸ್ ಬಗ್ಗೆ ಹೇಳಲಿಲ್ಲ, ನಾನು ಹೇಳುತ್ತೇನೆ. ಕ್ವಿಲ್ ಕಿಪ್ಸ್ ಮೊದಲು ಫಿಟ್ಸ್ ಏಜೆನ್ಸಿಯ ಜಂಬದ ಹುಡುಗ. ಲಾಕ್‌ವುಡ್‌ಗೆ ಎದುರಾಳಿ. ವಯಸ್ಸು ಇಪ್ಪತ್ತು ದಾಟುತ್ತಿದ್ದ ಹಾಗೆ ಅವನಿಗೆ ದೆವ್ವ ಕಾಣುವುದು ನಿಂತುಹೋಗುತ್ತದೆ. ಅವನ ಇಡೀ ಬದುಕು ಆ ಕೆಲಸವೇ, ಅದು ಕೈ ಬಿಟ್ಟು ಹೋಗುತ್ತಿದೆ. ನಾನು ಡಿಗ್ರಿ ಕೊನೆ ವರ್ಷದಲ್ಲಿದ್ದಾಗ ಓದಿದ್ದು. ಮುಂದೇನು ಅಂತ ಗೊತ್ತಿಲ್ಲದ ಆ ಕಾಲದಲ್ಲಿ ಅವನ ಸಂಕಟ ನನಗೆ ಲೂಸಿಗಿಂತ ಹತ್ತಿರ ಅನ್ನಿಸಿತು.

ಅವನಿಗೆ ಸ್ಟ್ರೌಡ್ ಮಾಡಿದ ನ್ಯಾಯ ನೋಡಿ. ಮೊದಲ ಪುಸ್ತಕದಲ್ಲಿ ಫೇರ್‌ಫ್ಯಾಕ್ಸ್ ಅನ್ನುವ ಮುದುಕ ಒಂದು ವಿಚಿತ್ರ ಕನ್ನಡಕ ಹಾಕಿಕೊಂಡಿರುತ್ತಾನೆ. ನಾಲ್ಕನೆಯದರಲ್ಲಿ ಅಂಥದ್ದೇ ಕನ್ನಡಕ ಕಿಪ್ಸ್ ಕೈಗೆ ಬರುತ್ತದೆ. ಅದನ್ನು ಹಾಕಿಕೊಂಡರೆ ಅವನಿಗೆ ಮತ್ತೆ ದೆವ್ವ ಕಾಣುತ್ತದೆ! ದೊಡ್ಡವರು ತಮ್ಮ ಲಾಭಕ್ಕೆ ಮಾಡಿ ಬಚ್ಚಿಟ್ಟುಕೊಂಡಿದ್ದ ವಸ್ತು ಅದು. ಅಂದರೆ ದೊಡ್ಡವರೂ ದೆವ್ವ ನೋಡುವ ದಾರಿ ಮುಂಚಿನಿಂದ ಇತ್ತು, ಆದರೂ ಮಕ್ಕಳನ್ನೇ ಕಳಿಸುತ್ತಿದ್ದರು. ಇದನ್ನು ಲೇಖಕರು ಭಾಷಣ ಮಾಡಿ ಹೇಳುವುದಿಲ್ಲ. ಕಿಪ್ಸ್ ಮೂಗಿನ ಮೇಲೆ ಆ ಕನ್ನಡಕ ಕೂತಾಗ ನಮಗೇ ಹೊಳೆಯಬೇಕು.

ಹಾಲಿ ಮನ್ರೋ ವಿಷಯವೂ ಅಷ್ಟೇ. ಮೂರನೆಯ ಪುಸ್ತಕದಲ್ಲಿ ಅವಳು ಬಂದಾಗ ಲೂಸಿಗೆ ಎಷ್ಟು ಹೊಟ್ಟೆಕಿಚ್ಚು! ಕೊನೆಗೆ ಬರುವಷ್ಟರಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ನಿಲ್ಲುತ್ತಾರೆ. ಹುಡುಗನಿಗಾಗಿ ಇಬ್ಬರು ಹುಡುಗಿಯರ ಜಗಳ ಅಂತ ಎಳೆದಾಡಲಿಲ್ಲ. ಅದಕ್ಕೆ ನನ್ನ ನಮಸ್ಕಾರ.

ಕಲ್ಪತರು ನಾಡು (ತಿಪಟೂರು)

ನಾನು ಸ್ವಲ್ಪ ಹಿಂದಿನ ಕಾಲದ ಓದುಗ. ನನಗೆ ಕೊನೆ ಅಂದರೆ ನೆನಪಾಗುವುದು ರಿಕ್ ರಯರ್ಡನ್ ಅವರ ‘ದಿ ಲಾಸ್ಟ್ ಒಲಿಂಪಿಯನ್’, 2009ರದ್ದು. ಪರ್ಸಿ ಜಾಕ್ಸನ್ ಐದನೆಯ ಪುಸ್ತಕ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ, 600ನೇ ಮಹಡಿಯಲ್ಲಿ ಗ್ರೀಕ್ ದೇವತೆಗಳ ಲೋಕ. ಗೆದ್ದ ಮೇಲೆ ದೇವತೆಗಳು ಪರ್ಸಿಗೆ ಅಮರತ್ವ ಕೊಡುತ್ತೇವೆ ಅನ್ನುತ್ತಾರೆ. ಅವನು ಬೇಡ ಅನ್ನುತ್ತಾನೆ. ಅದರ ಬದಲು, ನಿಮಗೆ ಹುಟ್ಟಿದ ಮಕ್ಕಳನ್ನು ನಿಮ್ಮ ಮಕ್ಕಳು ಅಂತ ಒಪ್ಪಿಕೊಳ್ಳಿ ಅಂತ ಕೇಳುತ್ತಾನೆ. ಹದಿನಾರು ತುಂಬಿದ ಹುಡುಗ ಕೇಳುವ ವರ ಅದು. ಅಲ್ಲೂ ತಪ್ಪು ದೊಡ್ಡವರದು, ಬೆಲೆ ಕಟ್ಟಿದ್ದು ಮಕ್ಕಳು. ಮರಿಸ್ಸಾ ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದಳೋ ಅದನ್ನು ಪರ್ಸಿ ಕೈಗೆ ಬಂದರೂ ವಾಪಸ್ ಕೊಡುತ್ತಾನೆ. ಎರಡನ್ನೂ ಒಂದಾದ ಮೇಲೊಂದು ಓದಿದರೆ ಜಾಸ್ತಿ ರುಚಿ.

ಎಲ್ಲಿ ನಿಲ್ಲಿಸಬೇಕು ಅನ್ನುವ ಪ್ರಶ್ನೆಯೂ ಇದೆ. ಕಸಾಂಡ್ರಾ ಕ್ಲೇರ್ ಅವರ ‘ದಿ ಮಾರ್ಟಲ್ ಇನ್‌ಸ್ಟ್ರುಮೆಂಟ್ಸ್’ ಮೊದಲು ಮೂರೇ ಪುಸ್ತಕ ಅಂತ ಇತ್ತು. 2009ರ ‘ಸಿಟಿ ಆಫ್ ಗ್ಲಾಸ್’ಗೆ ಕಥೆ ಒಂದು ದಡ ಸೇರಿತ್ತು. ಆಮೇಲೆ ಮತ್ತೆ ಮೂರು ಬಂದು 2014ರ ‘ಸಿಟಿ ಆಫ್ ಹೆವನ್ಲಿ ಫೈರ್’ಗೆ ಮುಗಿಯಿತು. ಆ ಕೊನೆಯಲ್ಲಿ ಸೈಮನ್ ಅನ್ನುವ ಹುಡುಗ ತನ್ನ ಅಮರತ್ವವನ್ನೂ ಸ್ನೇಹಿತರ ನೆನಪುಗಳನ್ನೂ ಬಿಟ್ಟುಕೊಡುವ ಜಾಗ ನನಗೆ ಬಹಳ ಇಷ್ಟ. ಆದರೆ ಮಧ್ಯದ ಎರಡು ಪುಸ್ತಕ ಎಳೆದ ಹಾಗೆ ಅನ್ನಿಸಿತು. ಸ್ಟ್ರೌಡ್ ಐದಕ್ಕೆ ನಿಲ್ಲಿಸಿದ್ದು ಸರಿ.

ಮಾರಿಕುಪ್ಪಂ ರೈಲು (ಕೆಜಿಎಫ್)

ಸರ್, ಮ್ಯಾಗಿ ಸ್ಟೀಫ್‌ವಾಟರ್ ಅವರ ‘ದಿ ರೇವನ್ ಕಿಂಗ್’ (2016) ಓದಿದ್ದೀರಾ? ನಾಲ್ಕು ಪುಸ್ತಕದ ಉದ್ದಕ್ಕೂ ಹುಡುಕಿದ ರಾಜ ಗ್ಲೆಂಡವರ್ ಕೊನೆಗೆ ಸಿಕ್ಕಾಗ ಯಾವಾಗಲೋ ಸತ್ತುಹೋಗಿರುತ್ತಾನೆ. ವರ ಕೊಡಲು ಯಾರೂ ಇಲ್ಲ. ನನ್ನ ಗೆಳೆಯರಿಗೆ ಅದು ಮೋಸ ಅನ್ನಿಸಿತು. ನನಗೆ ಮಾತ್ರ ಅದು ಸರಿ ಅನ್ನಿಸಿತು, ಯಾಕೆಂದರೆ ಆ ಹುಡುಕಾಟದಲ್ಲಿ ಕಥೆಯ ಐದು ಜನ ಒಬ್ಬರಿಗೊಬ್ಬರು ಏನಾದರು ಅನ್ನುವುದೇ ಅವರಲ್ಲೊಬ್ಬನಾದ ಗ್ಯಾನ್ಸಿಯನ್ನು ಉಳಿಸುತ್ತದೆ.

ಚಿಂತಾಮಣಿ ಅಪ್ಪ

ಎಲ್ಲರಿಗೂ ನಮಸ್ಕಾರ. ನಾನು ಈ ಪುಸ್ತಕಗಳನ್ನು ಓದಿಲ್ಲ. ಕಥೆ ಗೊತ್ತಾದರೂ ನನಗೆ ಪರವಾಗಿಲ್ಲ ಅಂತ ಎಲ್ಲವನ್ನೂ ಓದಿದೆ. ನನ್ನ ಮಗಳು ಏಳನೇ ಕ್ಲಾಸು. ಗೆಳತಿಯ ಮನೆಯಲ್ಲಿ ಮೊದಲ ಪುಸ್ತಕ ನೋಡಿಕೊಂಡು ಬಂದು ಬೇಕೇ ಬೇಕು ಅನ್ನುತ್ತಿದ್ದಾಳೆ. ಮನೆಯಲ್ಲಿ ನಮ್ಮ ಅಮ್ಮ, ದೆವ್ವದ ಪುಸ್ತಕ ಮಕ್ಕಳಿಗೆ ಯಾಕೆ ಅನ್ನುತ್ತಾರೆ. ಭಯಪಟ್ಟು ರಾತ್ರಿ ಎದ್ದು ಕೂತರೆ ಏನು ಮಾಡುವುದು? ಇಂಗ್ಲಿಷ್ ಕಷ್ಟ ಇದೆಯಾ? ದಯವಿಟ್ಟು ತಿಳಿಸಿ.

ಶಿರಾಗೇಟ್ ಓದುಗಿ (ತುಮಕೂರು)

ಸರ್, ಮೊದಲ ಪುಸ್ತಕ ನಿಜಕ್ಕೂ ಹೆದರಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕೂಂಬ್ ಕ್ಯಾರಿ ಹಾಲ್ ಅನ್ನುವ ಹಳೆ ಮನೆಯ ಭಾಗವನ್ನು ಹಗಲು ಓದಿಸಿ. ಆದರೆ ಹೊಲಸು ಏನೂ ಇಲ್ಲ. ಹಿಂಸೆಯನ್ನು ಚಪ್ಪರಿಸುವ ಬರವಣಿಗೆ ಅಲ್ಲ. ಲೂಸಿ ಮತ್ತು ಲಾಕ್‌ವುಡ್ ನಡುವೆ ಪ್ರೀತಿ ಇದೆ, ಅದು ಐದು ಪುಸ್ತಕದಲ್ಲೂ ಬಾಯಿ ಬಿಟ್ಟು ಹೇಳದ ಹಾಗೇ ಬೆಳೆಯುತ್ತದೆ. ಕೊನೆಗೆ ಅವನು ತನ್ನ ತಾಯಿಯ ಸರವನ್ನು ಅವಳಿಗೆ ಕೊಡುತ್ತಾನೆ, ಅಷ್ಟೇ. ಅವನ ಅಪ್ಪ ಅವನ ಅಮ್ಮನಿಗೆ ಕೊಟ್ಟಿದ್ದ ಸರ ಅದು. ಅದಕ್ಕಿಂತ ದೊಡ್ಡ ಮಾತು ಬೇಕಾಗಿಲ್ಲ.

ಇಂಗ್ಲಿಷ್ ಕಷ್ಟ ಇಲ್ಲ. ಲೂಸಿಯೇ ಕಥೆ ಹೇಳುತ್ತಾಳೆ, ಒಳ್ಳೆ ಗೆಳತಿ ಮಾತಾಡಿದ ಹಾಗೆ ಓಡುತ್ತದೆ. ಪುಸ್ತಕದ ಕೊನೆಯಲ್ಲಿ ಆ ಲೋಕದ ಪದಗಳ ಪಟ್ಟಿಯೂ ಇದೆ.

ಅಜ್ಜಿಯನ್ನು ಈ ಓದಿಗೆ ಸೇರಿಸಿಕೊಳ್ಳಿ! ಇದನ್ನು ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ. ಆ ಪುಸ್ತಕದಲ್ಲಿ ದೆವ್ವವನ್ನು ತಡೆಯುವುದು ಕಬ್ಬಿಣ, ಉಪ್ಪು, ಬೆಳ್ಳಿ, ಹರಿಯುವ ನೀರು. ನಮ್ಮ ಕಡೆ ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣ ಇಡುವುದು, ಮಗುವಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುವುದು, ಹುಣಸೆಮರದ ಕೆಳಗೆ ರಾತ್ರಿ ಮಲಗಬೇಡ ಅನ್ನುವುದು, ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದದ್ದು, ಇದೆಲ್ಲ ಅಜ್ಜಿಗೆ ಗೊತ್ತಿರುತ್ತದೆ. ಮಗಳು ಒಂದು ಅಧ್ಯಾಯ ಓದಿ ಹೇಳಲಿ, ಅಜ್ಜಿ ಒಂದು ಕಥೆ ಹೇಳಲಿ. ಭಯ ಅರ್ಧ ಅಲ್ಲೇ ಕಡಿಮೆಯಾಗುತ್ತದೆ.

ನಾಟಕದ ಹುಚ್ಚು (ಗುಬ್ಬಿ)

ಐದನೆಯ ಪುಸ್ತಕದಲ್ಲಿ ಹಳೆ ಥಿಯೇಟರಿನ ದೆವ್ವದ ಪ್ರಸಂಗ ಇದೆಯಲ್ಲ, ಅದನ್ನು ಯಾಕೆ ಯಾರೂ ಎತ್ತಲಿಲ್ಲ? 1884ರಲ್ಲಿ ನಾಟಕ ಕಂಪನಿ ಕಟ್ಟಿದ ಊರಿನವನು ನಾನು, ನನಗೆ ಅದು ಬಿಡಲು ಆಗುವುದಿಲ್ಲ. ವೇದಿಕೆಯ ಮೇಲೇ ಸತ್ತ ಒಬ್ಬ ಕಲಾವಿದೆ. ನೋಡಿದವರನ್ನು ಮರುಳು ಮಾಡಿ ಎಳೆದುಕೊಳ್ಳುತ್ತಾಳೆ. ಲಾಕ್‌ವುಡ್ ಕೂಡ ಆ ಬಲೆಗೆ ಬೀಳುತ್ತಾನೆ. ಮುಖ್ಯ ಕಥೆಗೆ ಇದು ಬೇಕೇ ಅಂತ ಮೊದಲು ಅನ್ನಿಸುತ್ತದೆ. ಬೇಕು. ಲಾಕ್‌ವುಡ್‌ಗೆ ಸಾವಿನ ಕಡೆ ಒಂದು ಸೆಳೆತ ಇದೆ. ಅಪ್ಪ, ಅಮ್ಮ, ಅಕ್ಕ ಎಲ್ಲರೂ ಹೋದ ಮೇಲೆ ತಾನು ಉಳಿದಿದ್ದೇ ಸರಿಯಲ್ಲ ಅನ್ನುವ ಹಾಗೆ ಬದುಕುತ್ತಿರುತ್ತಾನೆ. ಅದು ನಮಗೆ ಕಣ್ಣಾರೆ ಕಾಣುವುದು ಆ ಥಿಯೇಟರಿನಲ್ಲಿ. ಆಮೇಲೆ ತನ್ನ ತಂದೆ ತಾಯಿಯನ್ನು ಕೊಂದದ್ದೂ ಮರಿಸ್ಸಾಳ ಗುಂಪೇ ಅಂತ ಗೊತ್ತಾಗುತ್ತದೆ. ಆಗ ಅವನು ಸಾಯಲು ಹೋಗುತ್ತಾನೋ ಬದುಕಲು ಹೋಗುತ್ತಾನೋ ಅನ್ನುವ ಭಯದಲ್ಲೇ ನಾನು ಕೊನೆಯ ನೂರು ಪುಟ ಓದಿದ್ದು. ಬದುಕುವವನ ಹಾಗೆ ಹೊರಗೆ ಬರುತ್ತಾನೆ. ನನಗೆ ಕೊನೆಯ ಸಮಾಧಾನ ಅಂದರೆ ಅದು.

ಗೌರಿಬಿದನೂರಿನವನು

ಇದು ಒಳ್ಳೆ ಮಾತು. ಆ ಪ್ರಸಂಗವನ್ನು ನಾನು ಸುಮ್ನೆ ಪುಟ ತುಂಬಿಸಲು ಅಂತ ಅಂದುಕೊಂಡಿದ್ದೆ. ಮತ್ತೆ ಓದಬೇಕು.

ಒಂದು ಪ್ರಶ್ನೆ ಎಲ್ಲರಿಗೂ. ಆರನೆಯ ಪುಸ್ತಕ ಬಂದರೆ ಓದುತ್ತೀರಾ? ನಾನಂತೂ ಓದುತ್ತೇನೆ. ಕಾಟ ಮುಗಿಯುವವರೆಗೂ ನನಗೆ ಸಮಾಧಾನ ಇಲ್ಲ.

ಅಂತರಗಂಗೆ (ಕೋಲಾರ)

ಬೇಡ. ಕಿಪ್ಸ್, ಹಾಲಿ, ಜಾರ್ಜ್ ಎಲ್ಲರೂ ಆ ಮನೆಯಲ್ಲಿ ಕೂತು ಒಟ್ಟಿಗೆ ಊಟ ಮಾಡುವ ಹಾಗೆ ಬಿಟ್ಟುಬಂದಿದ್ದೇನೆ. ಇನ್ನೊಂದು ಪುಸ್ತಕ ಬಂದರೆ ಯಾರನ್ನಾದರೂ ಸಾಯಿಸುತ್ತಾರೆ.

ಮಾರಿಕುಪ್ಪಂ ರೈಲು (ಕೆಜಿಎಫ್)

ನನಗೆ ಆರನೆಯದಕ್ಕಿಂತ ಬೇರೆ ಆಸೆ. ಇಂಥ ಕಥೆ ಕನ್ನಡದಲ್ಲಿ, ನಮ್ಮ ಊರುಗಳಲ್ಲಿ ನಡೆಯಬೇಕು. ಮುಚ್ಚಿದ ಶಾಫ್ಟ್, ಬ್ರಿಟಿಷರ ಕಾಲದ ಬಂಗಲೆ, ಕಾರ್ಮಿಕರ ಸಾಲು ಮನೆ, ಬೆಳಗಿನ ಜಾವದ ರೈಲು, ಎಲ್ಲ ಇದೆ ನಮ್ಮಲ್ಲಿ. ಕೆಳಗೆ ಸತ್ತವರ ಮಾತು ಕೇಳಿಸುವ ಒಬ್ಬ ಹುಡುಗಿ ಮಾರಿಕುಪ್ಪಂನಲ್ಲಿ ಇದ್ದರೆ ಅವಳಿಗೆ ಏನೇನು ಕೇಳಿಸುತ್ತದೆ ಯೋಚನೆ ಮಾಡಿ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಕೇಳಿಸುತ್ತದೆ. ನಾನು ಎರಡು ಅಧ್ಯಾಯ ಬರೆದಿಟ್ಟಿದ್ದೇನೆ. ಇಲ್ಲಿ ಹಾಕಲಾ?

ಶಿರಾಗೇಟ್ ಓದುಗಿ (ತುಮಕೂರು)

ಹಾಕು ತಮ್ಮ, ಕೇಳುವುದೇನು! ಬೇರೆ ಚರ್ಚೆ ತೆರೆದು ಹಾಕು, ಇಲ್ಲಿ ಕಳೆದುಹೋಗುತ್ತದೆ. ಬರೆಯುವ ಮುಂಚೆ ಒಂದು ಕೆಲಸ ಮಾಡು, ನಿನ್ನ ಲೋಕದಲ್ಲಿ ದೆವ್ವಕ್ಕೆ ಏನು ಆಗುತ್ತದೆ, ಏನು ಆಗುವುದಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದುಕೊ. ಮೊದಲ ಅಧ್ಯಾಯದಲ್ಲಿ ಹೇಳಿದ ನಿಯಮವನ್ನು ಕೊನೆಯಲ್ಲಿ ಮುರಿಯಬೇಡ. ಕೊನೆ ಏನು ಅಂತ ಈಗಲೇ ಗೊತ್ತಿದೆಯಾ ನಿನಗೆ?

ಮಾರಿಕುಪ್ಪಂ ರೈಲು (ಕೆಜಿಎಫ್)

ಗೊತ್ತಿದೆ ಅಕ್ಕ. ಹೇಳುವುದಿಲ್ಲ.

ಚಿಂತಾಮಣಿ ಅಪ್ಪ

ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಕಬ್ಬಿಣ ಉಪ್ಪಿನ ವಿಷಯ ಹೇಳಿದೆ. ಇದು ಅವರಿಗೂ ಗೊತ್ತಾ, ಬ್ರಿಟಿಷರಿಗೆ, ಅಂತ ಕೇಳಿದರು. ಪುಸ್ತಕ ಆರ್ಡರ್ ಮಾಡಿದ್ದೇನೆ, ಮೊದಲನೆಯದು ಮಾತ್ರ. ಕೆಜಿಎಫ್ ತಮ್ಮ, ನಿಮ್ಮ ಅಧ್ಯಾಯ ಹಾಕಿದ ಮೇಲೆ ಇಲ್ಲೊಂದು ಮಾತು ಹೇಳಿ, ಮಗಳಿಗೆ ಅದನ್ನೂ ಓದಿಸುತ್ತೇನೆ.